ನಿರ್ಗುಣ ಡಿವ್‌ನ ಗುಣಗಾನ

ವಿಷ್ಣುವಿಗೆ ಸಹಸ್ರನಾಮವಿದೆ, ಲಲಿತೆಗೂ ಇದೆ. ಶನಿಗೆ ಸಹ ಮಹಾತ್ಮೆ ಬರೆದುಕೊಟ್ಟಿದ್ದೇವೆ. ಬೆಳಿಗ್ಗೆ ಕರೆಂಟ್ ಬಿಲ್ ಕಟ್ಟುವಾಗ, ಮಧ್ಯಾಹ್ನ ರೈಲಿನ ಟಿಕೆಟ್ ಹುಡುಕುವಾಗ, ರಾತ್ರಿ ಸುದ್ದಿ ಓದುವಾಗ ನಮ್ಮ ಬೆರಳಿನ ಕೆಳಗೆ ನೂರುಗಟ್ಟಲೆ ಸಂಖ್ಯೆಯಲ್ಲಿ ತೆಪ್ಪಗೆ ಮಲಗಿರುವ ಡಿವ್ ಎಂಬ ಟ್ಯಾಗಿಗೆ ಮಾತ್ರ ಕನ್ನಡದಲ್ಲಿ ಒಂದು ಕಂದಪದ್ಯದಷ್ಟೂ ಸ್ತುತಿ ಕಾಣೆ. ಈ ಕೃತಘ್ನತೆಯನ್ನು ಕೈಲಾದಮಟ್ಟಿಗೆ ತೊಳೆಯುವುದು ನನ್ನ ಉದ್ದೇಶ. ಈ ವರ್ಷ ಕೋರ್ಸ್ ಮುಗಿಸಿ ವೆಬ್ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಮನಸ್ಸಿಟ್ಟು ಓದಬೇಕು. ಯಾರೋ ಒಬ್ಬ ಮೇಷ್ಟ್ರು 'ಅರ್ಥವಿರುವ ಟ್ಯಾಗ್ ಬಳಸ್ರಪ್ಪಾ' ಎಂದು ಅವರ ತಲೆ ಕೆಡಿಸಿರುವ ಸಂಭವವಿದೆ.

ಬೇರೆ ಕಸುಬಿನವರಿಗಾಗಿ ಎರಡು ಮಾತು. ವೆಬ್ ಪುಟವೆಂದರೆ ಎಚ್‌ಟಿಎಂಎಲ್ ಎಂಬ ಕಟ್ಟಳೆಯಲ್ಲಿ ಬರೆದ ಪಠ್ಯ. ಅದರ ಒಂದೊಂದು ತುಂಡಿಗೂ ಒಂದೊಂದು ಟ್ಯಾಗ್ ಹಚ್ಚಿ, ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ, ಇದು ಒತ್ತುವ ಬಟನ್ ಎಂದು ಬ್ರೌಸರಿಗೆ ತಿಳಿಸುತ್ತಾರೆ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿದ್ದುಕೊಂಡು 1991ರಲ್ಲಿ ಕೊಟ್ಟ ಮೊದಲ ಪಟ್ಟಿಯಲ್ಲಿ ಬೆರಳೆಣಿಕೆಯ ಟ್ಯಾಗುಗಳಿದ್ದವು. ತಲೆಬರಹಕ್ಕೇ ಆರು ಅಂತಸ್ತು ಇಟ್ಟಿದ್ದ ಆ ಮಹಾನುಭಾವ ಡಿವ್ ಇಟ್ಟಿರಲಿಲ್ಲ. ಅದು ಶಾಸ್ತ್ರೋಕ್ತವಾಗಿ ಒಳಗೆ ಬಂದದ್ದು 1997ರ ಜನವರಿಯ 3.2ನೇ ಆವೃತ್ತಿಯಲ್ಲಿ. ಆರು ವರ್ಷ ಜನ ಅದಿಲ್ಲದೆ ಹೇಗೆ ಬದುಕಿದರೋ, ನೆನೆದರೆ ಕರುಳು ಚುರ್ ಎನ್ನುತ್ತದೆ.

ಡಿವ್‌ನ ಸ್ವರೂಪ ವರ್ಣಿಸಲು ವೇದಾಂತಿಗಳ ಸಹಾಯವೇ ಬೇಕು. ಅದು ತಲೆಬರಹವಲ್ಲ, ಪಟ್ಟಿಯಲ್ಲ, ಕೊಂಡಿಯಲ್ಲ, ಬಟನ್ನಲ್ಲ. ಅದಕ್ಕೆ ಹುಟ್ಟಿನಿಂದ ಬಂದ ಗುಣವೇ ಇಲ್ಲ. ನೀಲಿ ಬಳಿದರೆ ನೀಲಿ, ದುಂಡಗೆ ಕೊರೆದರೆ ದುಂಡು. ನಿರ್ಗುಣವಾದದ್ದು ಭಕ್ತನ ಇಚ್ಛೆಯಂತೆ ಸಗುಣ ರೂಪ ತಾಳುತ್ತದೆ ಎಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಇನ್ನೊಂದಿಲ್ಲ. ಉಳಿದ ಟ್ಯಾಗುಗಳ ಜೊತೆ ಏಗುವುದು ಕಷ್ಟ. 'ಇದನ್ನು ತಲೆಬರಹ ಎನ್ನಲೋ, ಪ್ಯಾರಾ ಎನ್ನಲೋ' ಎಂದು ಬರೆಯುವ ಮೊದಲು ಯೋಚಿಸಬೇಕಾಗುತ್ತದೆ, ಮತ್ತು ಯೋಚನೆಗೆ ಟೈಮ್‌ಶೀಟಿನಲ್ಲಿ ಕಾಲಮ್ಮಿಲ್ಲ. ಎಚ್‌ಟಿಎಂಎಲ್‌ನ ನಿಯಮಗ್ರಂಥವೇ, ಬೇರೆ ಯಾವ ಟ್ಯಾಗೂ ಒಪ್ಪದಿದ್ದಾಗ ಮಾತ್ರ ಕಟ್ಟಕಡೆಯ ಉಪಾಯವಾಗಿ ಡಿವ್ ಬಳಸಿ ಎನ್ನುತ್ತದಂತೆ. ಕಡೆಗೆ ಬಂದು ಸೇರುವುದು ಅಲ್ಲಿಗೇ ಎಂದು ಗೊತ್ತಿರುವ ನಾವು ದಾರಿ ಸವೆಸುವುದಿಲ್ಲ, ಅಲ್ಲಿಂದಲೇ ಶುರು ಮಾಡುತ್ತೇವೆ.

ಡಿವ್‌ಗೆ ಹೆಸರಿಲ್ಲವೆಂಬ ಕೊರಗು ಬೇಡ. ಅದಕ್ಕೆ ಕ್ಲಾಸ್ ಎಂಬ ಹಣೆಪಟ್ಟಿ ಕಟ್ಟಿ ನಾವು ಪ್ರೀತಿಯಿಂದ ಹೆಸರಿಡುತ್ತೇವೆ. 2005ರ ಡಿಸೆಂಬರಿನಲ್ಲಿ ಗೂಗಲ್‌ನವರು ನೂರು ಕೋಟಿಗೂ ಮಿಕ್ಕ ಪುಟಗಳನ್ನು ಜಾಲಾಡಿ, ಕ್ಲಾಸುಗಳಿಗೆ ಜನ ಇಡುವ ಹೆಸರುಗಳನ್ನು ಎಣಿಸಿದರು. ಫುಟರ್ ಎಲ್ಲಕ್ಕಿಂತ ಮುಂದಿತ್ತು. ಮೆನು, ಕಂಟೆಂಟ್, ಹೆಡರ್, ನ್ಯಾವ್ ಮುಂತಾದವು ಅದರ ಹಿಂದೆ ಸಾಲುಗಟ್ಟಿದ್ದವು. ಇದನ್ನು ಕಂಡ ಎಚ್‌ಟಿಎಂಎಲ್ ನಿಯಮ ಬರೆಯುವ ಸಮಿತಿಯವರು, ಪಾಪ, ನಾವಿಟ್ಟ ಮುದ್ದಿನ ಹೆಸರನ್ನು ಬೇಡಿಕೆಯೆಂದು ತಪ್ಪು ತಿಳಿದರು. ಹೆಡರ್, ಫುಟರ್, ನ್ಯಾವ್, ಮೇನ್ ಎಂಬ ಅಸಲಿ ಟ್ಯಾಗುಗಳನ್ನೇ ಮಾಡಿಸಿ 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಎಂದು ಮುದ್ರೆಯೊತ್ತಿ ಕೈಗಿಟ್ಟರು. ನಾವು ವಿನಯದಿಂದ ಸ್ವೀಕರಿಸಿ, ಡಿವ್‌ಗೆ ಹೆಡರ್ ಎಂದು ಕ್ಲಾಸ್ ಕೊಡುವುದನ್ನು ಮುಂದುವರಿಸಿದೆವು. ಪದ್ಧತಿ ಅಂದರೆ ಪದ್ಧತಿ. ಹೆಡರ್ ಟ್ಯಾಗ್ ಬರೆದರೆ ಅದು ಏನೆಂದು ಯಂತ್ರಕ್ಕೂ ಗೊತ್ತಾಗಿಬಿಡುತ್ತದೆ. ಕ್ಲಾಸ್ ಬರೆದರೆ ಕೋಡ್ ತೆರೆದು ನೋಡುವ ನಮ್ಮ ಬಳಗಕ್ಕೆ ಮಾತ್ರ ಗೊತ್ತು.

ಇನ್ನು ಬಟನ್ ವಿಚಾರ. ಡಿವ್‌ನ ಹಿರಿಮೆ ಪೂರ್ತಿಯಾಗಿ ತೆರೆದುಕೊಳ್ಳುವುದು ಇಲ್ಲೇ.

ಬಟನ್ ಎಂಬ ಟ್ಯಾಗ್ 1997ರ ಡಿಸೆಂಬರಿನ ನಾಲ್ಕನೇ ಆವೃತ್ತಿಯಲ್ಲಿ ಬಂತು. ಅದರ ದೊಡ್ಡ ದೋಷವೆಂದರೆ ಹೇಳದೆಯೇ ಕೆಲಸ ಮಾಡುತ್ತದೆ. ಟ್ಯಾಬ್ ಕೀಲಿ ಒತ್ತುತ್ತಾ ಬಂದವರಿಗೆ ಸಿಗುತ್ತದೆ. ಎಂಟರ್ ಒತ್ತಿದರೂ ಓಗೊಡುತ್ತದೆ, ಸ್ಪೇಸ್ ಬಾರ್ ಒತ್ತಿದರೂ ಓಗೊಡುತ್ತದೆ. ಕಣ್ಣು ಕಾಣದವರ ಕಂಪ್ಯೂಟರಿನಲ್ಲಿ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇರುತ್ತದಲ್ಲ, ಅದು 'ಹಣ ಪಾವತಿಸಿ, ಬಟನ್' ಎಂದು ಸ್ಪಷ್ಟವಾಗಿ ನುಡಿಯುತ್ತದೆ. ಫಾರಂ ಒಳಗಿದ್ದರೆ ಫಾರಂ ಕಳಿಸಿಯೂ ಕೊಡುತ್ತದೆ. ಇಷ್ಟೂ ಬ್ರೌಸರ್ ಪುಕ್ಕಟೆ ಕೊಡುವ ಸೇವೆ. ಪುಕ್ಕಟೆ ಸಿಕ್ಕಿದ್ದಕ್ಕೆ ಗಿರಾಕಿಗೆ ಬಿಲ್ ಹಾಕುವುದು ಹೇಗೆ?

ಡಿವ್ ಹಿಡಿದು ನೋಡಿ. ಮೊದಲ ಸ್ಪ್ರಿಂಟಿನಲ್ಲಿ, ಅಂದರೆ ಕೆಲಸದ ಮೊದಲ ಕಂತಿನಲ್ಲಿ, ಅದಕ್ಕೆ ಬಣ್ಣ, ನೆರಳು, ದುಂಡನೆಯ ಮೂಲೆ, ಒಂದು ಆನ್‌ಕ್ಲಿಕ್. ಮೌಸ್ ಹಿಡಿದವನ ಕೆಲಸ ಆಯಿತು, ಡೆಮೋದಲ್ಲಿ ಚಪ್ಪಾಳೆಯೂ ಆಯಿತು. ಕೆಲವು ತಿಂಗಳ ಮೇಲೆ ಯಾರೋ, ಕೀಬೋರ್ಡಿನಿಂದ ಅಲ್ಲಿಗೆ ಹೋಗಲಾಗುತ್ತಿಲ್ಲ ಎಂದು ಟಿಕೆಟ್ ಹಾಕುತ್ತಾರೆ. ಸರಿ, ಟ್ಯಾಬ್‌ಇಂಡೆಕ್ಸ್ ಸೊನ್ನೆ ಎಂದು ಸೇರಿಸಿದ್ದಾಯಿತು. ಈಗ ಹೋಗಬಹುದು, ಹೋದಮೇಲೆ ಅದೇನೆಂದು ತಿಳಿಯುವುದಿಲ್ಲ. ರೋಲ್ ಬಟನ್ ಎಂದು ಇನ್ನೊಂದು ಹಣೆಪಟ್ಟಿ. ಈಗ ಸ್ಕ್ರೀನ್ ರೀಡರ್ 'ಬಟನ್' ಎನ್ನುತ್ತದೆ, ಎಂಟರ್ ಒತ್ತಿದರೆ ಮಿಸುಕುವುದಿಲ್ಲ. ಎಂಟರಿಗೊಂದು ಜಾವಾಸ್ಕ್ರಿಪ್ಟ್. ಸ್ಪೇಸ್ ಬಾರ್ ಒತ್ತಿದರೆ ಇಡೀ ಪುಟ ಕೆಳಕ್ಕೆ ಜಾರುತ್ತದೆ, ಅದನ್ನು ತಡೆಯಲು ಮತ್ತೊಂದು. ಅಸಲಿ ಬಟನ್ ಎಂಟರ್ ಕೀಲಿಯನ್ನು ಒತ್ತಿದಾಗ ಕೆಲಸ ಮಾಡುತ್ತದೆ, ಸ್ಪೇಸ್ ಕೀಲಿಯನ್ನು ಬಿಟ್ಟಾಗ ಕೆಲಸ ಮಾಡುತ್ತದೆ ಎಂಬ ಸೂಕ್ಷ್ಮ ಆಗ ಹೊಳೆಯುತ್ತದೆ; ಅದನ್ನು ಹೊಳೆಯಿಸಿಕೊಳ್ಳಲು ಸಂಬಳ ಜಾಸ್ತಿಯಿರುವ ಒಬ್ಬರು ಬೇಕಾಗುತ್ತದೆ. ತಾತ್ಕಾಲಿಕವಾಗಿ ನಿಷ್ಕ್ರಿಯ ಎಂದು ತೋರಿಸುವುದು ಹೇಗೆ? ಹೈ ಕಾಂಟ್ರಾಸ್ಟ್ ಪರದೆಯಲ್ಲಿ ಬಣ್ಣ ಮಾಯವಾದರೆ ಅಂಚು ಎಲ್ಲಿ? ಒಂದೊಂದಕ್ಕೂ ಒಂದೊಂದು ಮೀಟಿಂಗು, ಒಂದೊಂದು ಟಿಕೆಟ್ಟು. ಇಷ್ಟೆಲ್ಲ ಮುಗಿದು ಕೊನೆಗೆ ಕೈಗೆ ಬರುವುದು ಒಂದು ಬಟನ್. ಅದೂ ಹತ್ತಿರ ಹತ್ತಿರ ಬಟನ್. ಆದರೆ ಅದರ ಹಿಂದೆ ಎಷ್ಟು ಜನರ ಬೆವರಿದೆ, ಎಷ್ಟು ಮನೆಗಳ ಕಂತು ಕಟ್ಟಿದೆ! ಉದ್ಯೋಗ ಸೃಷ್ಟಿಯ ಬಗ್ಗೆ ಭಾಷಣ ಮಾಡುವವರು ಒಮ್ಮೆ ಇತ್ತ ನೋಡಬೇಕು.

ಬೇಡಿಕೆಯೇ ಇಲ್ಲದ ಕೆಲಸ ಇದು ಎಂದು ವಾದಿಸುವ ಮ್ಯಾನೇಜರುಗಳೂ ಇದ್ದಾರೆ. ಅವರದೂ ಸರಿಯೇ. ನಮ್ಮ ತಾಣದಲ್ಲಿ ಕೀಬೋರ್ಡ್ ಮಾತ್ರ ಬಳಸಿ ಹಣ ಪಾವತಿಸಿದವರು ಒಬ್ಬರೂ ಇಲ್ಲ ಎಂದು ಅವರು ಲೆಕ್ಕ ತೆಗೆದು ತೋರಿಸಬಲ್ಲರು. ಹಣ ಪಾವತಿಸುವ ಡಿವ್ ಅನ್ನು ಕೀಬೋರ್ಡಿನಿಂದ ತಲುಪಲು ಆಗುವುದಿಲ್ಲವಾದ್ದರಿಂದ ಆ ಲೆಕ್ಕದಲ್ಲಿ ಒಂದು ಪೈಸೆಯ ತಪ್ಪೂ ಸಿಕ್ಕುವುದಿಲ್ಲ.

ತಲೆಬರಹದ ವಿಷಯದಲ್ಲಿ ಡಿವ್ ಮಾಡಿರುವ ಉಪಕಾರ ಬೇರೆಯೇ ಬಗೆಯದು. ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್, ಜೇಮ್ಸ್ ಟೆ ಎಂಬ ಇಬ್ಬರು ಅಂಧ ಗೆಳೆಯರು ಕಟ್ಟಿ ಬೆಳೆಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. 2006ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಎಚ್ ಕೀಲಿ ಒತ್ತಿದರೆ ಸಾಕು, ಮುಂದಿನ ತಲೆಬರಹಕ್ಕೆ ಹಾರುತ್ತದೆ. ಕೆ ಒತ್ತಿದರೆ ಮುಂದಿನ ಕೊಂಡಿ, ಟಿ ಒತ್ತಿದರೆ ಕೋಷ್ಟಕ, ಡಿ ಒತ್ತಿದರೆ ಮೆನು, ಮುಖ್ಯ ಭಾಗ, ಅಡಿಭಾಗ ಹೀಗೆ ಪುಟದ ದೊಡ್ಡ ದೊಡ್ಡ ವಿಭಾಗ. ಉದ್ದನೆಯ ಪುಟದಲ್ಲಿ ಬೇಕಾದದ್ದನ್ನು ಹುಡುಕಲು ಮೊದಲು ಏನು ಮಾಡುತ್ತೀರಿ ಎಂದು ವೆಬ್‌ಏಮ್ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರನ್ನು ಸಮೀಕ್ಷೆಗಳಲ್ಲಿ ಕೇಳುತ್ತಾ ಬಂದಿದೆ. ತಲೆಬರಹದಿಂದ ತಲೆಬರಹಕ್ಕೆ ಹಾರುತ್ತೇವೆ ಎಂಬುದೇ ಹೆಚ್ಚಿನವರ ಉತ್ತರ. ಅಂದರೆ ಕಣ್ಣಿರುವವರು ಕಣ್ಣಾಡಿಸಿ ಬಿಟ್ಟುಬಿಡುವ ಹಾಗೆ, ಇವರೂ ಕಿವಿಯಾಡಿಸಿ ಬಿಡುತ್ತಾರೆ! ಓದುವ ಸಂಸ್ಕೃತಿ ಕುಸಿಯುತ್ತಿದೆ ಎಂದು ಸಂಪಾದಕೀಯ ಬರೆಯುವವರಿಗೆ ಇದು ತಿಳಿದಿದೆಯೇ?

ಡಿವ್ ಈ ಚಟವನ್ನು ಬುಡಸಮೇತ ಕಿತ್ತಿತು. ಡಿವ್‌ನೊಳಗೆ ದಪ್ಪಕ್ಷರದಲ್ಲಿ, ಇಪ್ಪತ್ತೆಂಟು ಪಿಕ್ಸೆಲ್ ಗಾತ್ರದಲ್ಲಿ ಬರೆದ ಸಾಲು ಕಣ್ಣಿಗೆ ಭರ್ಜರಿ ತಲೆಬರಹ. ಕಿವಿಗೆ ಅದು ಎಲ್ಲ ಸಾಲುಗಳಂತೆ ಇನ್ನೊಂದು ಸಾಲು. ಎಚ್ ಒತ್ತಿದರೆ ಮುಂದೆ ತಲೆಬರಹವಿಲ್ಲ ಎಂಬ ಉತ್ತರ ಬರುತ್ತದೆ. ಗತ್ಯಂತರವಿಲ್ಲದೆ ಓದುಗರು ಲಾಂಛನದಿಂದ ಹಿಡಿದು ಮೆನು, ಉಪಮೆನು, ಹಬ್ಬದ ರಿಯಾಯಿತಿ, ಹವಾಮಾನ, ರಾಶಿಫಲ ಎಲ್ಲವನ್ನೂ ಅನುಕ್ರಮದಲ್ಲಿ ಪಾರಾಯಣ ಮಾಡಿ, ಆಮೇಲೆ ತಾವು ಅರಸಿ ಬಂದ ಸುದ್ದಿಗೆ ಬರುತ್ತಾರೆ. ಜಾಹೀರಾತನ್ನು ಅಕ್ಷರ ಬಿಡದೆ ಕೇಳುವ ಇಂಥ ಓದುಗ ವೃಂದವನ್ನು ಇನ್ನಾವ ತಂತ್ರಜ್ಞಾನ ಕೊಟ್ಟೀತು?

ಈ ಶಿಸ್ತನ್ನು ಉಳಿದ ಕಡೆಗೂ ಹಬ್ಬಿಸಿದ್ದೇವೆ. ಫಾರಂನ ಖಾನೆಗೆ ಲೇಬಲ್ ಟ್ಯಾಗ್ ಕಟ್ಟದೆ, ಹೆಸರನ್ನು ಖಾನೆಯ ಒಳಗೇ ತೆಳು ಬೂದು ಬಣ್ಣದಲ್ಲಿ ಬರೆಯುತ್ತೇವೆ. ಟೈಪಿಸಲು ಶುರು ಮಾಡಿದೊಡನೆ ಅದು ಅಂತರ್ಧಾನವಾಗಿ, ಇದು ತಂದೆಯ ಹೆಸರಿನ ಖಾನೆಯೋ ತಾಲ್ಲೂಕಿನದೋ ಎಂದು ಜ್ಞಾಪಕಶಕ್ತಿಗೆ ಸಾಣೆ ಹಿಡಿಯುತ್ತದೆ. ಕೊಂಡಿಗಳಿಗೆಲ್ಲ 'ಇನ್ನಷ್ಟು ಓದಿ' ಎಂಬ ಒಂದೇ ಹೆಸರು. ಕೊಂಡಿಗಳ ಪಟ್ಟಿ ತೆಗೆಸಿದವರಿಗೆ ಇನ್ನಷ್ಟು ಓದಿ, ಇನ್ನಷ್ಟು ಓದಿ, ಇನ್ನಷ್ಟು ಓದಿ ಎಂದು ಭಜನೆ ಕೇಳಿಸುತ್ತದೆ. ಸಮಾನತೆ ಎಂದರೆ ಇದು.

ಕನ್ನಡದ ತಾಣಗಳು ಇಲ್ಲೂ ತಮ್ಮತನ ಬಿಟ್ಟುಕೊಟ್ಟಿಲ್ಲ. ಪುಟದ ತಲೆಯಲ್ಲಿ ಭಾಷೆ ಯಾವುದೆಂದು ಹೇಳುವ ಒಂದು ಜಾಗವಿದೆ. ಕನ್ನಡಕ್ಕೆ ಅಲ್ಲಿ ಬರೆಯಬೇಕಾದದ್ದು ಕೆ, ಎನ್ ಎಂಬ ಎರಡೇ ಅಕ್ಷರ. ಕೊಂಡು ತಂದ ಸಿದ್ಧ ವಿನ್ಯಾಸದಲ್ಲಿ ಅಲ್ಲಿ ಇಂಗ್ಲಿಷ್ ಎಂದಿರುತ್ತದೆ, ನಾವು ಅತಿಥಿಯನ್ನು ಎಬ್ಬಿಸುವವರಲ್ಲ. ಸ್ಕ್ರೀನ್ ರೀಡರ್ ಅದನ್ನು ನಂಬಿ ಇಂಗ್ಲಿಷ್ ದನಿಯನ್ನು ಕರೆಯುತ್ತದೆ. ಕನ್ನಡ ಲಿಪಿ ಬಾರದ ದನಿಯಾದರೆ ಅಕ್ಷರಗಳನ್ನೆಲ್ಲ ಹಾರಿಸಿ ಅಂಕಿಗಳನ್ನು ಮಾತ್ರ ಗಂಭೀರವಾಗಿ ಓದುತ್ತದೆ. ಜಲಾಶಯದ ಮಟ್ಟವೋ, ಅಪಘಾತದ ಸಾವೋ, ಕ್ರಿಕೆಟ್ಟಿನ ಸ್ಕೋರೋ, ಕೇಳುಗರ ಕಲ್ಪನೆಗೆ ಬಿಟ್ಟದ್ದು. ಇದಕ್ಕೂ ಹಿಂದಿನ ತಲೆಮಾರಿನವರು ಇನ್ನೂ ಮೇಲಿನ ಸಾಧಕರು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಅವರು ಕಟ್ಟಿಟ್ಟ ಪಠ್ಯ ಕಣ್ಣಿಗೆ ಅಚ್ಚಗನ್ನಡ. ಯಂತ್ರದ ಪಾಲಿಗೆ ಅದು ನೆತ್ತಿಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ, ಚಿತ್ರವಾಗಿಸಿ ಏರಿಸುವ ಕಚೇರಿಗಳು ಆ ಸಂತೆಯನ್ನೂ ಎತ್ತಿಸಿ ಪೂರ್ಣ ಮೌನ ಸ್ಥಾಪಿಸಿವೆ.

ಡಿವ್‌ನ ಮೌನ ಎಲ್ಲರಿಗೂ ದಕ್ಕುವುದಿಲ್ಲವೆಂದು ಅರಿತ ಹಿರಿಯರು ಏರಿಯಾ ಎಂಬ ಮಂತ್ರವನ್ನೂ ದಯಪಾಲಿಸಿದ್ದಾರೆ. 2014ರ ಮಾರ್ಚಿನಲ್ಲಿ ಅದಕ್ಕೆ ಅಧಿಕೃತ ಪಟ್ಟ ಕಟ್ಟಿದರು. ಟ್ಯಾಗಿನ ಮೇಲೆ ಇದು ಬಟನ್, ಇದು ಮೆನು, ಇದು ತೆರೆದಿದೆ, ಇದು ಮುಚ್ಚಿದೆ ಎಂದು ಅಂಟಿಸುವ ಚೀಟಿಗಳು ಅವು. ಚೀಟಿ ಅಂಟಿಸಿದ ಮಾತ್ರಕ್ಕೆ ಡಿವ್ ಬಟನ್ನಿನ ಕೆಲಸವನ್ನೇನೂ ಕಲಿಯುವುದಿಲ್ಲ. ಬಟನ್ ಎಂದು ಕರೆಸಿಕೊಳ್ಳುತ್ತದೆ, ಅಷ್ಟೆ. ಪದವಿ ಇದ್ದೂ ಕೆಲಸ ಬಾರದವರನ್ನು ನಡೆಸಿಕೊಳ್ಳುವುದು ನಮ್ಮ ಆಡಳಿತಕ್ಕೆ ಹೊಸತಲ್ಲವಾದ್ದರಿಂದ ಇದು ಇಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಏರಿಯಾ ಬಳಕೆಯ ಮೊದಲ ನಿಯಮವೇ, ಅಸಲಿ ಟ್ಯಾಗ್ ಇದ್ದರೆ ಏರಿಯಾ ಬಳಸಬೇಡಿ ಎಂಬುದು. ಮೊದಲ ನಿಯಮವಾದ್ದರಿಂದ ಅದನ್ನು ಎಲ್ಲರೂ ಬಲ್ಲರು ಎಂದು ಭಾವಿಸಿ ನಾವು ಎರಡನೆಯದರಿಂದ ಓದುತ್ತೇವೆ. ಫಲಿತಾಂಶ ಕಣ್ಣ ಮುಂದಿದೆ. ಮೇಲೆ ಹೇಳಿದ ವೆಬ್‌ಏಮ್ 2019ರಿಂದ ಪ್ರತಿವರ್ಷ ಹತ್ತು ಲಕ್ಷ ತಾಣಗಳ ಮುಖಪುಟಗಳನ್ನು ಪರೀಕ್ಷಿಸುತ್ತದೆ. 2025ರಲ್ಲಿ ಶೇಕಡಾ 94.8ರಷ್ಟು ಪುಟಗಳಲ್ಲಿ ಯಂತ್ರಕ್ಕೇ ಸಿಕ್ಕಿಬೀಳುವ ದೋಷಗಳಿದ್ದವು. ಏರಿಯಾ ಹಚ್ಚಿದ ಪುಟಗಳಲ್ಲಿ ಹಚ್ಚದ ಪುಟಗಳಿಗಿಂತ ಸರಾಸರಿ ದೋಷ ಹೆಚ್ಚು. ಮುಖ್ಯ ದೋಷಗಳೂ ವರ್ಷ ವರ್ಷ ಅವೇ: ಮಸುಕು ಅಕ್ಷರ, ವಿವರಣೆಯಿಲ್ಲದ ಚಿತ್ರ, ಲೇಬಲ್ಲಿಲ್ಲದ ಖಾನೆ, ಖಾಲಿ ಕೊಂಡಿ, ಖಾಲಿ ಬಟನ್, ನಮೂದಿಸದ ಭಾಷೆ. ಉದ್ಯಮವೊಂದು ಇಷ್ಟು ನಿಷ್ಠೆಯಿಂದ ಸಂಪ್ರದಾಯ ಪಾಲಿಸುವುದು ಅಪರೂಪ.

ಈ ಸಂಪ್ರದಾಯದ ಆದ್ಯರನ್ನು ಇಲ್ಲಿ ಸ್ಮರಿಸಲೇಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನ ಸಂಘಟನಾ ಸಮಿತಿಯ ವೆಬ್ ತಾಣದ ಮೇಲೆ ಬ್ರೂಸ್ ಮ್ಯಾಗ್ವಾಯರ್ ಎಂಬ ಅಂಧರು ದೂರು ಕೊಟ್ಟರು. ಚಿತ್ರಗಳಿಗೆ ವಿವರಣೆಯಿಲ್ಲ, ವೇಳಾಪಟ್ಟಿಯಿಂದ ಕ್ರೀಡೆಗಳ ಪಟ್ಟಿಗೆ ಹೋಗಲಾಗುತ್ತಿಲ್ಲ, ಫಲಿತಾಂಶದ ಕೋಷ್ಟಕಗಳು ಅರ್ಥವಾಗುತ್ತಿಲ್ಲ ಎಂಬುದು ಅವರ ಅಹವಾಲು. ಸಮಿತಿ ಕೊಟ್ಟ ಉತ್ತರವನ್ನು ಚೌಕಟ್ಟು ಹಾಕಿಸಿ ಪ್ರತಿ ಆಫೀಸಿನಲ್ಲೂ ತೂಗುಹಾಕಬೇಕು: ಇದನ್ನು ಸರಿಪಡಿಸಲು ಒಬ್ಬ ಮನುಷ್ಯ ದಿನಕ್ಕೆ ಎಂಟು ಗಂಟೆಯಂತೆ 368 ದಿನ ಕೂರಬೇಕು. ಇಬ್ಬರನ್ನು ಕೂರಿಸಿದರೆ ಎಷ್ಟು ದಿನ ಎಂಬ ತ್ರೈರಾಶಿಯ ಆಸೆಗೆ ಅವರು ಬೀಳಲಿಲ್ಲ. ದೂರುದಾರರ ಕಡೆಯ ತಜ್ಞರು ಇದು ಅಷ್ಟು ದೊಡ್ಡ ಕೆಲಸವಲ್ಲ ಎಂದರು. ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗ ಆಗಸ್ಟಿನಲ್ಲಿ ದೂರುದಾರರ ಪರ ತೀರ್ಪಿತ್ತು, ಕ್ರೀಡಾಕೂಟ ಆರಂಭವಾಗುವ ಸೆಪ್ಟೆಂಬರ್ 15ರೊಳಗೆ ಸರಿಪಡಿಸಿ ಎಂದಿತು. ಪೂರ್ತಿ ಸರಿಹೋಗಲಿಲ್ಲ. ಕೂಟ ಮುಗಿದಮೇಲೆ ದೂರುದಾರರಿಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡಿ ಎಂಬ ಆದೇಶ ಬಿತ್ತು. ಓಟ, ಈಜು, ಎಸೆತ ಎಲ್ಲ ಮುಗಿದು ಊರು ಖಾಲಿಯಾದ ಮೇಲೆ ಪರಿಹಾರ ಕೊಡುವುದು ಎಷ್ಟು ನಿರಾಳ ನೋಡಿ.

ನಮ್ಮಲ್ಲೂ ಕಾನೂನಿನವರು ಸುಮ್ಮನಿಲ್ಲ. ಸರ್ಕಾರಿ ತಾಣಗಳಿಗೆ ಮಾರ್ಗಸೂಚಿ ಬಂದು ದಶಕ ಕಳೆಯಿತು, ಮೊದಲನೆಯದು 2009ರದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, ಅದರ ನಿಯಮಗಳು 2017ರ ಜೂನಿನಲ್ಲಿ. ಸೇವೆ ಕೊಡುವವರೆಲ್ಲ ಎರಡು ವರ್ಷದೊಳಗೆ ಸುಗಮ್ಯತೆಯ ನಿಯಮಕ್ಕೆ ತಕ್ಕಂತೆ ಸೇವೆ ಕೊಡಬೇಕು ಎಂದು ಕಾಯ್ದೆಯ 46ನೇ ಕಲಮು. ಎರಡು ವರ್ಷ ಎಂದರೆ ಎರಡು ವರ್ಷ ಎಂದು ಓದಿದವರು ಆಗ ಬಹಳ ಗಾಬರಿಯಾಗಿದ್ದರು, ಈಗ ಆರಾಮವಾಗಿದ್ದಾರೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನದೇ ಭಾಗ ಎಂದುಬಿಟ್ಟಿತು. ಬ್ಯಾಂಕಿನ ಗುರುತು ಪರಿಶೀಲನೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳಿದರೆ, ಆಸಿಡ್ ದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರು ಏನು ಮಾಡಬೇಕು ಎಂಬುದು ಅಲ್ಲಿ ಎದ್ದ ಪ್ರಶ್ನೆ. ಅಂಥ ತಂತ್ರಾಂಶ ಬರೆದವರ ಮುಂದೆ ಆ ಪ್ರಶ್ನೆ ಎದ್ದಿರಲಿಲ್ಲ. ಹೊಸ ಹುಡುಗರೇ, ಕಲಿಯಬೇಕಾದದ್ದು ಈ ಏಕಾಗ್ರತೆಯನ್ನು. ತನ್ನ ಹಾಗೇ ಮೌಸ್ ಹಿಡಿಯುವ, ತನ್ನಂತೆಯೇ ಕಾಣುವ ಕಣ್ಣಿರುವ, ತನ್ನಷ್ಟೇ ದೊಡ್ಡ ಪರದೆ ಕೊಂಡಿರುವ ಒಬ್ಬನೇ ಬಳಕೆದಾರನನ್ನು ಧ್ಯಾನಿಸುತ್ತಾ ಕೋಡ್ ಬರೆಯಬೇಕು. ಅಕ್ಕಪಕ್ಕದವರ ನೆನಪಾದರೆ ಚಿತ್ತ ಚಂಚಲವಾಗುತ್ತದೆ, ಬೆರಳು ತಂತಾನೇ ಬಟನ್ ಟ್ಯಾಗ್ ಬರೆದುಬಿಡುತ್ತದೆ.

ಇಷ್ಟರ ಮೇಲೂ ಯಾರಾದರೂ ನೋಟಿಸ್ ಕಳಿಸಿದರೆ ಹೆದರಬೇಕಾಗಿಲ್ಲ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಪುಟ್ಟ ಚಿತ್ರ ಕೂರಿಸುವ ಸಿದ್ಧ ಸಾಮಗ್ರಿ ಮಾರುಕಟ್ಟೆಯಲ್ಲಿದೆ. ಒಂದೇ ಸಾಲಿನ ಕೋಡ್ ಸೇರಿಸಿ, ಮಿಕ್ಕದ್ದು ನಮ್ಮ ಕೃತಕ ಬುದ್ಧಿಮತ್ತೆಗೆ ಬಿಡಿ ಎಂಬ ಭರವಸೆ. ಅಂಥದ್ದೇ ಭರವಸೆ ಕೊಟ್ಟ ಒಂದು ಕಂಪನಿಯಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಜಾಹೀರಾತಿನಲ್ಲಿ ಹೇಳಿದ್ದು ಉತ್ಪನ್ನದಲ್ಲಿಲ್ಲವೆಂದು 2025ರಲ್ಲಿ ಹತ್ತು ಲಕ್ಷ ಡಾಲರ್ ಕಕ್ಕಿಸಿತು. ಆದರೆ ಅದು ಅಮೆರಿಕ. ಇಲ್ಲಿ ಆ ಚಿತ್ರ ಇನ್ನೂ ಬಹಳ ಕಾಲ ಶೋಭಿಸಲಿದೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ. ಬ್ರೌಸರಿನಲ್ಲಿ ಮೊದಲೇ ಇರುವ ಸೌಲಭ್ಯಗಳು ಇನ್ನೊಮ್ಮೆ ಸಿಗುತ್ತವೆ. ಕೆಳಗಿರುವ ಡಿವ್ ಅಲುಗುವುದಿಲ್ಲ.

ಜೊತೆಗೆ ಒಂದು ಸುಗಮ್ಯತಾ ಘೋಷಣೆ ಬರೆಸಿಡಿ. ನಮ್ಮ ತಾಣ ಸರ್ವರಿಗೂ ತೆರೆದಿದೆ, ಅಂತಾರಾಷ್ಟ್ರೀಯ ಮಾನದಂಡಗಳಿಗೆ ನಾವು ಬದ್ಧರು, ತೊಂದರೆಯಾದಲ್ಲಿ ದಯವಿಟ್ಟು ನಮ್ಮ ಗಮನಕ್ಕೆ ತನ್ನಿ ಎಂಬ ಮೂರು ಮಾತು ಸಾಕು. ಆ ಪುಟಕ್ಕೆ ಹೋಗುವ ದಾರಿ ತಾಣದ ತೀರಾ ಕೆಳಗೆ, ತಿಳಿಬೂದು ಹಿನ್ನೆಲೆಯಲ್ಲಿ ನಸುಬೂದು ಅಕ್ಷರದಲ್ಲಿರಲಿ. ಅದನ್ನು ಯಾವುದರಲ್ಲಿ ಕಟ್ಟಬೇಕು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ: ಒಂದು ಡಿವ್, ಅದರ ಮೇಲೊಂದು ಆನ್‌ಕ್ಲಿಕ್. ಟ್ಯಾಬ್‌ಇಂಡೆಕ್ಸ್ ಮುಂದಿನ ಸ್ಪ್ರಿಂಟಿನಲ್ಲಿ ನೋಡೋಣ.